ಸೌದಿ–ಪಾಕ್ ಒಪ್ಪಂದ: ಗಲ್ಫ್‌ನಲ್ಲಿ ಮಕ್ಕಳಿರುವ ಮನೆಗಳನ್ನು ಯಾರು ಕೇಳಿದ್ದಾರೆ?

2025ರ ಸೆಪ್ಟೆಂಬರ್ 17ರಂದು ರಿಯಾದ್‌ನಲ್ಲಿ ಸೌದಿ ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್ ಮತ್ತು ಪಾಕಿಸ್ತಾನದ ಪ್ರಧಾನಿ ಶೆಹಬಾಜ್ ಷರೀಫ್ ಒಂದು ರಕ್ಷಣಾ ಒಪ್ಪಂದಕ್ಕೆ ಸಹಿ ಹಾಕಿದರು. ಅದರ ಮುಖ್ಯ ಮಾತು ಇಷ್ಟೇ: ಇಬ್ಬರಲ್ಲಿ ಯಾರ ಮೇಲೆ ಆಕ್ರಮಣ ನಡೆದರೂ ಅದು ಇಬ್ಬರ ಮೇಲೂ ನಡೆದ ಆಕ್ರಮಣ. ಆಪರೇಷನ್ ಸಿಂಧೂರ್ ಮುಗಿದು ಆಗ ನಾಲ್ಕು ತಿಂಗಳಾಗಿತ್ತಷ್ಟೇ. ಮರುದಿನದ ಹೊತ್ತಿಗೆ ಈ ಸುದ್ದಿ ಮಂಗಳೂರು, ಉಡುಪಿಯ ವಾಟ್ಸ್ಯಾಪ್ ಗುಂಪುಗಳಲ್ಲೆಲ್ಲ ಓಡಾಡುತ್ತಿತ್ತು.

ಉಡುಪಿಯಿಂದ ಮಂಗಳೂರಿಗೆ ಬರುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಆ ವಾರ ನನಗೆ ಎರಡು ಬಗೆಯ ಪ್ರಶ್ನೆ ಕೇಳಿಸಿತು. ಒಂದು ಜೋರು ದನಿಯದ್ದು: "ಇನ್ನು ನಮಗೂ ಪಾಕಿಸ್ತಾನಕ್ಕೂ ಜಗಳ ಆದ್ರೆ ಸೌದಿಯವರೂ ಬರ್ತಾರಾ?" ಇನ್ನೊಂದು ಮೆಲ್ಲಗೆ, ಪಕ್ಕದವರಿಗಷ್ಟೇ ಕೇಳುವ ಹಾಗೆ: "ದಮ್ಮಾಮ್‌ನಲ್ಲಿ ನಮ್ಮ ಹುಡುಗ ಉಂಟಲ್ಲ, ಅವನಿಗೆ ಎಂತ ತೊಂದರೆ ಇಲ್ವಾ ಮಾರ್ರೆ?" ಮೊದಲನೆಯ ಪ್ರಶ್ನೆಯ ಮೇಲೆ ಟಿವಿಯಲ್ಲಿ ಗಂಟೆಗಟ್ಟಲೆ ಚರ್ಚೆ ನಡೆಯಿತು. ಎರಡನೆಯದು ಮನೆಯೊಳಗೇ ಉಳಿಯಿತು.

ನಾನು ಹೇಳಬೇಕೆಂದಿರುವುದು ಎರಡನೆಯದರ ಬಗ್ಗೆ. ಆದರೆ ಮೊದಲನೆಯದಕ್ಕೆ ಉತ್ತರ ಹೇಳದೆ ಅಲ್ಲಿಗೆ ಹೋಗಲು ಆಗುವುದಿಲ್ಲ.

ಸೌದಿ ವಿಮಾನಗಳು ಪಾಕಿಸ್ತಾನದ ಪರವಾಗಿ ಭಾರತದ ಮೇಲೆ ಬರುತ್ತವೆ ಅಂತ ನನಗೆ ಅನ್ನಿಸುವುದಿಲ್ಲ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. ಇಂಥ ಒಪ್ಪಂದಗಳು ಇಲ್ಲಿಯವರೆಗೆ ಹೇಗೆ ನಡೆದುಕೊಂಡು ಬಂದಿವೆ ಅಂತ ನೋಡಿದರೆ ಸಾಕು.

ಇವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ನ್ಯಾಟೊ. 1949ರ ಏಪ್ರಿಲ್‌ನಲ್ಲಿ 12 ದೇಶಗಳು ಕಟ್ಟಿದ ಕೂಟ. 2024ರಲ್ಲಿ ಸ್ವೀಡನ್ ಸೇರಿದ ಮೇಲೆ 32 ದೇಶಗಳಾದವು. ಅದರ 5ನೇ ವಿಧಿ ಹೇಳುವುದೂ ಇದನ್ನೇ: ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ. ಆದರೆ ಅದೇ ವಿಧಿಯಲ್ಲಿ ಮುಂದೆ ಇನ್ನೊಂದು ಮಾತಿದೆ. ಪ್ರತಿ ದೇಶವೂ ತನಗೆ ಅಗತ್ಯ ಅನ್ನಿಸಿದ ಕ್ರಮ ಕೈಗೊಂಡರೆ ಸಾಕು. ಸೇನೆಯನ್ನೇ ಕಳಿಸಬೇಕು ಅಂತ ಇಲ್ಲ. ಯುದ್ಧ ಸಾರುವ ಅಧಿಕಾರ ತನ್ನ ಸಂಸತ್ತಿನ ಕೈತಪ್ಪಬಾರದು ಅಂತ ಅಮೆರಿಕ ಹಿಡಿದ ಪಟ್ಟಿನಿಂದ ಬಂದ ಮಾತು ಅದು. ಇಷ್ಟು ವರ್ಷಗಳಲ್ಲಿ ಈ ವಿಧಿಯನ್ನು ಬಳಸಿದ್ದು ಒಂದೇ ಸಲ, 2001ರ ಸೆಪ್ಟೆಂಬರ್ 11ರ ದಾಳಿಯ ನಂತರ.

ಜನ ಏನೆನ್ನುತ್ತಾರೆ ಅನ್ನುವುದು ಇನ್ನೂ ಮುಖ್ಯ. 2020ರಲ್ಲಿ ಪ್ಯೂ ರಿಸರ್ಚ್ ಸೆಂಟರ್ 16 ನ್ಯಾಟೊ ದೇಶಗಳ ಸಮೀಕ್ಷೆ ಪ್ರಕಟಿಸಿತು. ರಷ್ಯಾ ನಿಮ್ಮ ಮಿತ್ರ ದೇಶದ ಮೇಲೆ ಬಿದ್ದರೆ ನಿಮ್ಮ ದೇಶ ಸೇನೆ ಇಳಿಸಬೇಕಾ ಅಂತ ಕೇಳಿದಾಗ, ಎಲ್ಲ ದೇಶಗಳ ಮಧ್ಯಾಂಕ ತೆಗೆದರೆ ಶೇ. 50 ಜನ ಬೇಡ ಅಂದಿದ್ದರು. ಬೇಕು ಅಂದವರು ಶೇ. 38. ಹಾಗಾದರೆ ಅಮೆರಿಕ ನೆರವಿಗೆ ಬರುತ್ತದಾ ಅಂತ ಕೇಳಿದರೆ ಶೇ. 60 ಜನ ಬರುತ್ತದೆ ಅಂದರು. ತಮ್ಮ ಮಕ್ಕಳನ್ನು ಕಳಿಸಲು ಮನಸ್ಸಿಲ್ಲ, ಇನ್ನೊಬ್ಬರ ಮಕ್ಕಳು ಬರುತ್ತಾರೆ ಅನ್ನುವ ನಂಬಿಕೆ ಮಾತ್ರ ಇದೆ. ಎಲ್ಲ ಮೈತ್ರಿಗಳೂ ಕೊನೆಗೆ ಬಂದು ನಿಲ್ಲುವುದು ಇಲ್ಲೇ. ಸಹಿ ಹಾಕುವುದು ಸರ್ಕಾರ. ಅದರ ಬೆಲೆ ತೆರುವುದು ಮನೆಗಳು.

ಪಾಕಿಸ್ತಾನಕ್ಕೆ ಇದು ಯಾರೂ ಹೇಳಿಕೊಡಬೇಕಾದ ಪಾಠವಲ್ಲ. 1954ರಲ್ಲಿ ಸಿಯಾಟೊ, 1955ರಲ್ಲಿ ಮುಂದೆ ಸೆಂಟೊ ಅಂತ ಹೆಸರಾದ ಬಾಗ್ದಾದ್ ಒಪ್ಪಂದ, ಅಮೆರಿಕದ ಬೆಂಬಲವಿದ್ದ ಈ ಎರಡೂ ರಕ್ಷಣಾ ಕೂಟಗಳಿಗೆ ಅದು ಸೇರಿತ್ತು. 1965ರ ಯುದ್ಧದಲ್ಲಿ ಎರಡೂ ಕೂಟಗಳು ಅದರ ಪರ ಹೋರಾಡಲಿಲ್ಲ. ಅಮೆರಿಕ ಎರಡೂ ಕಡೆಗೆ ಶಸ್ತ್ರ ಪೂರೈಕೆ ನಿಲ್ಲಿಸಿತು. ಅಮೆರಿಕದ ಶಸ್ತ್ರಗಳನ್ನೇ ನಂಬಿಕೊಂಡಿದ್ದ ಪಾಕಿಸ್ತಾನಕ್ಕೆ ಅದರಿಂದ ಬಿದ್ದ ಪೆಟ್ಟು ದೊಡ್ಡದು.

ಸೌದಿ ವಿಷಯದಲ್ಲೇ ಇನ್ನೂ ಹತ್ತಿರದ ಉದಾಹರಣೆ ಇದೆ. 2015ರ ಮಾರ್ಚ್‌ನಲ್ಲಿ ಸೌದಿ ಯೆಮನ್ ಮೇಲೆ ದಾಳಿ ಶುರು ಮಾಡಿ ಪಾಕಿಸ್ತಾನದಿಂದ ವಿಮಾನ, ಹಡಗು, ಸೈನಿಕರನ್ನು ಕೇಳಿತು. ಏಪ್ರಿಲ್ 10ರಂದು ಪಾಕಿಸ್ತಾನದ ಸಂಸತ್ತು ಒಮ್ಮತದಿಂದ ತಟಸ್ಥ ನಿಲುವಿನ ನಿರ್ಣಯ ಮಾಡಿತು. ಅಷ್ಟು ಸಾಲ, ಅಷ್ಟು ನೆರವು ಕೊಟ್ಟ ದೇಶಕ್ಕೆ ಎದುರಿಗೇ ಇಲ್ಲ ಅಂದದ್ದು ಅದು. ಅಲ್ಲಿನ ಜನರಿಗೆ ಆ ಯುದ್ಧ ಬೇಡವಾಗಿತ್ತು. ಸಂಸತ್ತು ಆ ಮಾತು ಕೇಳಿತು.

ಹೊಸ ಒಪ್ಪಂದಕ್ಕೂ ಒಂದು ತಿಂಗಳೊಳಗೆ ಪರೀಕ್ಷೆ ಬಂತು. 2025ರ ಅಕ್ಟೋಬರ್‌ನಲ್ಲಿ ಪಾಕಿಸ್ತಾನಕ್ಕೂ ಅಫ್ಘಾನಿಸ್ತಾನಕ್ಕೂ ಗಡಿಯಲ್ಲಿ ಗುಂಡಿನ ಕಾಳಗ ನಡೆಯಿತು. ಸೌದಿ ಎರಡೂ ಕಡೆಯವರಿಗೆ ಸಂಯಮ ಇರಲಿ ಅಂದಿತು, ಅಷ್ಟೆ. ಕದನವಿರಾಮ ಮಾಡಿಸಿದ್ದು ಕತಾರ್ ಮತ್ತು ಟರ್ಕಿ, ಕತಾರ್‌ನ ರಾಜಧಾನಿ ದೋಹಾದಲ್ಲಿ.

ಹಾಗಾದರೆ ಸೌದಿ ಸಹಿ ಹಾಕಿದ್ದು ಯಾಕೆ? ನನಗೆ ಕಾಣುವ ಮಟ್ಟಿಗೆ ಇದರಲ್ಲಿ ಭಾರತಕ್ಕಿಂತ ಅಮೆರಿಕದ ಪಾಲು ಜಾಸ್ತಿ. 2019ರ ಸೆಪ್ಟೆಂಬರ್ 14ರಂದು ಅಬ್ಕೈಕ್‌ನ ತೈಲ ಘಟಕದ ಮೇಲೆ ಡ್ರೋನ್, ಕ್ಷಿಪಣಿ ಬಿದ್ದವು. ಸೌದಿ ತೈಲ ಉತ್ಪಾದನೆಯ ಹತ್ತಿರ ಹತ್ತಿರ ಅರ್ಧ, ದಿನಕ್ಕೆ 57 ಲಕ್ಷ ಬ್ಯಾರೆಲ್, ಕೆಲ ದಿನ ನಿಂತುಹೋಯಿತು. ಇರಾನ್‌ನದೇ ಕೈವಾಡ ಅಂದ ಅಮೆರಿಕ ಅದಕ್ಕಾಗಿ ಯುದ್ಧಕ್ಕೆ ಇಳಿಯಲಿಲ್ಲ. 2025ರ ಜೂನ್ 23ರಂದು ಇರಾನ್ ಕತಾರ್‌ನ ಅಲ್ ಉದೈದ್ ನೆಲೆಗೆ ಕ್ಷಿಪಣಿ ಹಾರಿಸಿತು. ಅಮೆರಿಕಕ್ಕೆ ಆ ಪ್ರದೇಶದಲ್ಲಿರುವ ಅತಿ ದೊಡ್ಡ ನೆಲೆ ಅದು. ಸೆಪ್ಟೆಂಬರ್ 9ರಂದು ಇಸ್ರೇಲ್ ದೋಹಾ ನಗರದ ಮೇಲೆಯೇ ಬಾಂಬ್ ಹಾಕಿತು. ಅಮೆರಿಕದ ಸೈನಿಕರು ಮನೆಯೊಳಗೇ ಇದ್ದರೂ ರಕ್ಷಣೆ ಇಲ್ಲ ಅಂತ ಗಲ್ಫ್ ದೊರೆಗಳಿಗೆ ಅನ್ನಿಸಿರಬೇಕು. ಎಂಟೇ ದಿನದಲ್ಲಿ ರಿಯಾದ್‌ನ ಸಹಿ ಆಯಿತು. ಮಾತುಕತೆ ಅದಕ್ಕೂ ಮೊದಲೇ ನಡೆಯುತ್ತಿತ್ತು, ನಿಜ. ಆದರೂ ಸಹಿಗೆ ಆರಿಸಿಕೊಂಡ ಹೊತ್ತು ನೋಡಿ.

ಇದರಿಂದ ನಮಗೆ ಏನೂ ಆಗುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಸೌದಿಯ ಠೇವಣಿ, ಸಾಲಕ್ಕೆ ಸಿಗುವ ತೈಲ, ಇವು ಪಾಕಿಸ್ತಾನದ ಕೈ ಬಲಪಡಿಸುತ್ತವೆ. ಅಣ್ವಸ್ತ್ರದ ರಕ್ಷಣೆಯೂ ಇದರಲ್ಲಿ ಸೇರಿದೆಯಾ ಅನ್ನುವ ಪ್ರಶ್ನೆಗೆ ಪಾಕಿಸ್ತಾನದ ರಕ್ಷಣಾ ಸಚಿವರು ಒಮ್ಮೆ ಹೌದು ಅನ್ನುವ ಹಾಗೆ, ಇನ್ನೊಮ್ಮೆ ಇಲ್ಲ ಅನ್ನುವ ಹಾಗೆ ಮಾತಾಡಿದರು. ಆ ಅಸ್ಪಷ್ಟತೆಯೇ ಅವರಿಗೆ ಲಾಭ. ನಮ್ಮ ವಿದೇಶಾಂಗ ಸಚಿವಾಲಯ ಮಾತ್ರ ದನಿ ಏರಿಸಲಿಲ್ಲ. ಇದರ ಪರಿಣಾಮವನ್ನು ಪರಿಶೀಲಿಸುತ್ತೇವೆ ಅಂದಿತು. ಸೌದಿ ನಮ್ಮ ಸೂಕ್ಷ್ಮಗಳನ್ನು ಗಮನದಲ್ಲಿ ಇಟ್ಟುಕೊಳ್ಳುತ್ತದೆ ಅನ್ನುವ ನಿರೀಕ್ಷೆ ಇದೆ ಅಂದಿತು. ಕೆಲವರಿಗೆ ಇದು ಸಪ್ಪೆ ಉತ್ತರ ಅನ್ನಿಸಿತು. ನನಗೆ ಸರಿಯಾದ ಉತ್ತರ ಅನ್ನಿಸಿತು. ಯಾಕೆ ಅಂತ ಹೇಳಲು ಕಾಪು ತಾಲೂಕಿನ ಪಾದೂರಿಗೆ ಹೋಗಬೇಕು.

ಬಂಡೆಯೊಳಗಿನ ತೈಲ

ಪಾದೂರಿನಲ್ಲಿ ನೆಲದ ಮೇಲೆ ನಿಂತರೆ ಕಾಣುವುದು ಬೇಲಿ, ಕಾವಲು, ಪೈಪುಗಳು. ಅಸಲು ವಿಷಯ ಇರುವುದು ಕೆಳಗೆ. ಗಟ್ಟಿ ಬಂಡೆಯನ್ನು ಕೊರೆದು ಸುರಂಗದಂಥ ದೊಡ್ಡ ಕೋಣೆಗಳನ್ನು ಮಾಡಿ ಅದರಲ್ಲಿ ಕಚ್ಚಾ ತೈಲ ತುಂಬಿದ್ದಾರೆ. ಒಳಗೆ ಕಬ್ಬಿಣದ ಟ್ಯಾಂಕ್ ಇಲ್ಲ. ಸುತ್ತಲಿನ ಬಂಡೆಯ ಬಿರುಕುಗಳಲ್ಲಿ ನೀರಿನ ಒತ್ತಡ ಯಾವಾಗಲೂ ತೈಲದ ಒತ್ತಡಕ್ಕಿಂತ ಹೆಚ್ಚಿರುವ ಹಾಗೆ ನೋಡಿಕೊಳ್ಳುತ್ತಾರೆ. ಹಾಗಾಗಿ ನೀರು ಒಳಮುಖವಾಗಿ ಜಿನುಗುತ್ತದೆ, ತೈಲ ಹೊರಗೆ ಹೋಗುವುದಿಲ್ಲ. ಇದನ್ನು ನಡೆಸುವ ಸರ್ಕಾರಿ ಕಂಪನಿಯ ಹೆಸರು ಹಿಡಿದು ಊರವರು ಇದನ್ನು 'ಐಎಸ್‌ಪಿಆರ್‌ಎಲ್' ಅಂತಲೇ ಕರೆಯುತ್ತಾರೆ. ಕೆಲಸ ನಡೆಯುವಾಗ ಬಂಡೆ ಸಿಡಿಸಿದ ಸದ್ದು, ಗೋಡೆ ಬಿರುಕು ಬಿಟ್ಟ ದೂರು, ಎರಡನೇ ಹಂತಕ್ಕೆ ಜಾಗ ಕೊಡುವ ಚಿಂತೆ, ಇವೆಲ್ಲ ಅಲ್ಲಿನವರ ಬಾಯಲ್ಲಿ ಕೇಳಬೇಕು.

ಲೆಕ್ಕ ಹೀಗಿದೆ. ದೇಶದ ತುರ್ತು ತೈಲ ಸಂಗ್ರಹದ ಮೊದಲ ಹಂತದಲ್ಲಿ ಮೂರು ಜಾಗಗಳಿವೆ. ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್, ಪಾದೂರಿನಲ್ಲಿ 25 ಲಕ್ಷ ಟನ್. ಅಂದರೆ ಒಟ್ಟು 53.3 ಲಕ್ಷ ಟನ್‌ನಲ್ಲಿ ಮುಕ್ಕಾಲು ಭಾಗ ನಮ್ಮ ಎರಡು ಜಿಲ್ಲೆಗಳ ನೆಲದಡಿ ಹಿಡಿಸುತ್ತದೆ. ಮೂರೂ ತುಂಬಿದ್ದರೆ ಇಡೀ ದೇಶಕ್ಕೆ ಒಂಬತ್ತೂವರೆ ದಿನ ಸಾಕಾಗುತ್ತದೆ ಅನ್ನುವುದು ಸರ್ಕಾರದ ಅಂದಾಜು. ಮಂಗಳೂರಿನ ಸಂಗ್ರಹದಲ್ಲಿ ಅಬುಧಾಬಿಯ ಸರ್ಕಾರಿ ಕಂಪನಿ ಅಡ್ನಾಕ್ 2018ರಿಂದ ತನ್ನ ತೈಲವನ್ನೂ ಇಟ್ಟಿದೆ. ತುರ್ತು ಬಂದರೆ ಅದರ ಮೇಲೆ ಮೊದಲ ಹಕ್ಕು ಭಾರತದ್ದು. ನಾಳೆ ಯಾವ ಕಡೆ ಇರ್ತೀಯ ಅಂತ ದಿನಾ ಪೀಡಿಸುವ ದೇಶವನ್ನು ನಂಬಿ ಯಾರೂ ತಮ್ಮ ತೈಲ ತಂದು ಇಡುವುದಿಲ್ಲ, ಅಲ್ವಾ?

ಸುರತ್ಕಲ್ ಬಳಿಯ ಎಂಆರ್‌ಪಿಎಲ್ ನೋಡಿ. ವರ್ಷಕ್ಕೆ ಒಂದೂವರೆ ಕೋಟಿ ಟನ್ ಸಾಮರ್ಥ್ಯದ ಈ ಸಂಸ್ಕರಣಾಗಾರ ಒಂದು ಕಾಲದಲ್ಲಿ ಇರಾನ್ ತೈಲದ ದೊಡ್ಡ ಗಿರಾಕಿ. ನಿರ್ಬಂಧವಿದ್ದರೂ ಇರಾನ್ ತೈಲ ಕೊಳ್ಳಲು ಕೊಟ್ಟಿದ್ದ ವಿನಾಯಿತಿಯನ್ನು 2019ರ ಮೇ ತಿಂಗಳಲ್ಲಿ ಅಮೆರಿಕ ಹಿಂತೆಗೆದ ಮೇಲೆ ಭಾರತ ಇರಾನ್‌ನಿಂದ ಕೊಳ್ಳುವುದನ್ನೇ ನಿಲ್ಲಿಸಿತು. 2022ರ ನಂತರ ದೇಶಕ್ಕೆ ರಷ್ಯಾ ತೈಲ ಬಂತು. ಮೊದಲು ಶೇ. 2ರ ಆಸುಪಾಸು ಇದ್ದದ್ದು ಮೂರನೇ ಒಂದು ಭಾಗ ದಾಟಿತು. ಅದೇ ಕಾರಣ ಹೇಳಿ 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕಿನ ಮೇಲೆ ಇನ್ನೂ ಶೇ. 25 ಸುಂಕ ಹೇರಿತು. ಒಟ್ಟು ಶೇ. 50 ಆಯಿತು. ಅಕ್ಟೋಬರ್‌ನಲ್ಲಿ ರಷ್ಯಾದ ರೋಸ್ನೆಫ್ಟ್, ಲುಕಾಯಿಲ್ ಕಂಪನಿಗಳ ಮೇಲೆ ನಿರ್ಬಂಧ ಬಂತು. ಇರಾನ್, ರಷ್ಯಾ ಎರಡು ಬಾಗಿಲೂ ಬಿಗಿಯಾದಾಗ ಉಳಿಯುವುದು ಅರಬ್ ಕೊಲ್ಲಿ. ಇರಾಕ್, ಸೌದಿ, ಯುಎಇ.

ಅಲ್ಲಿಂದ ಬರುವ ತೈಲದ ಬಹುಪಾಲು ಹಾರ್ಮುಜ್ ಜಲಸಂಧಿ ದಾಟಬೇಕು. ಕಿರಿದಾದ ಕಡೆ ಅದರ ಅಗಲ ಸುಮಾರು 33 ಕಿಲೋಮೀಟರ್. ಸುರತ್ಕಲ್‌ನಿಂದ ಉಡುಪಿಗೆ ಇರುವಷ್ಟು ದೂರವೂ ಇಲ್ಲ. 2024ರಲ್ಲಿ ಜಗತ್ತು ಬಳಸಿದ ತೈಲದ ಐದನೇ ಒಂದು ಭಾಗ, ದಿನಕ್ಕೆ 2 ಕೋಟಿ ಬ್ಯಾರೆಲ್, ಆ ಸಂದಿಯಿಂದ ಬಂತು. ನಮ್ಮ ಅಡುಗೆ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. ಅದೂ ಹೆಚ್ಚಾಗಿ ಅಲ್ಲಿಂದಲೇ. ಪಣಂಬೂರಿನ ಬಂದರಿನಲ್ಲಿ ಇಳಿಯುವ ಗ್ಯಾಸ್ ಪೈಪಿನಲ್ಲಿ ಹಾಸನ, ಮೈಸೂರು, ಬೆಂಗಳೂರಿನವರೆಗೆ ಹೋಗುತ್ತದೆ. ಬೆಂಗಳೂರಿನ ಹೋಟೆಲಿನ ಒಲೆಗೂ ಹಾರ್ಮುಜ್‌ಗೂ ನಡುವೆ ಇರುವ ನಂಟು ನಮ್ಮ ಊರಿನ ಮೇಲೆಯೇ ಹಾದುಹೋಗಿದೆ.

ಇದಕ್ಕಿಂತ ದೊಡ್ಡದು ಜನ. ಆರು ಗಲ್ಫ್ ದೇಶಗಳಲ್ಲಿ 90 ಲಕ್ಷದ ಆಸುಪಾಸು ಭಾರತೀಯರಿದ್ದಾರೆ. ಸೌದಿಯೊಂದರಲ್ಲೇ 25 ಲಕ್ಷಕ್ಕೂ ಹೆಚ್ಚು. 2024–25ರಲ್ಲಿ ಹೊರದೇಶದಿಂದ ಭಾರತಕ್ಕೆ ಬಂದ ಹಣ 13,500 ಕೋಟಿ ಡಾಲರ್ ದಾಟಿತು. 2023–24ರ ರಿಸರ್ವ್ ಬ್ಯಾಂಕ್ ಸಮೀಕ್ಷೆಯ ಪ್ರಕಾರ ಇಂಥ ಹಣದಲ್ಲಿ ಗಲ್ಫ್ ದೇಶಗಳ ಪಾಲು ಶೇ. 38. ಬ್ಯಾರಿ, ಕ್ರೈಸ್ತ, ಬಂಟ, ಬಿಲ್ಲವ, ಮೊಗವೀರ, ಗಲ್ಫ್‌ಗೆ ಜನ ಕಳಿಸದ ಸಮುದಾಯ ನಮ್ಮ ಕಡೆ ಸಿಗುವುದು ಕಷ್ಟ. ಶಿರ್ವ, ಮೂಲ್ಕಿ, ಉಳ್ಳಾಲ, ಬಂಟ್ವಾಳದ ಎಷ್ಟೋ ಮನೆಗಳ ಸ್ಲ್ಯಾಬು, ಮಕ್ಕಳ ಕಾಲೇಜು ಫೀಸು, ತಂಗಿಯ ಮದುವೆ ಎಲ್ಲ ಆ ಹಣದಲ್ಲೇ ಆದದ್ದು.

ಸೌದಿಯಲ್ಲಿ ಪಾಕಿಸ್ತಾನದವರೂ ಹೆಚ್ಚುಕಡಿಮೆ ಅಷ್ಟೇ ಜನ ಇದ್ದಾರೆ. ಜುಬೈಲ್‌ನಲ್ಲಿ ಬಹಳ ವರ್ಷ ಎಲೆಕ್ಟ್ರಿಷಿಯನ್ ಆಗಿದ್ದು ಊರಿಗೆ ಬಂದ ನನ್ನ ಪರಿಚಯದವರೊಬ್ಬರು ಹೇಳುತ್ತಿದ್ದರು: ಕ್ಯಾಂಪಿನಲ್ಲಿ ಒಂದೇ ಮೆಸ್, ಒಂದೇ ಬಸ್ಸು. ಗಡಿಯಲ್ಲಿ ಗಲಾಟೆ ಆದಾಗ ಫೋರ್‌ಮನ್ ಬಂದು ಮೆಸ್ಸಿನ ಟಿವಿ ಆಫ್ ಮಾಡಿಸುತ್ತಿದ್ದ. "ನಮಗೂ ಅದೇ ಬೇಕಿತ್ತು. ಬೆಳಿಗ್ಗೆ ಒಂದೇ ಏಣಿ ಹಿಡೀಬೇಕಲ್ವಾ ನಾವು" ಅಂದರು. ವಿದೇಶಾಂಗ ನೀತಿಯ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇಷ್ಟು ನೇರವಾದದ್ದು ಕಡಿಮೆ.

ಮಾತಾಡದವರ ಅಭಿಪ್ರಾಯ

ಜೂನ್ 23ರ ರಾತ್ರಿ ನಮ್ಮ ನೆರೆಮನೆಯಲ್ಲಿ ಯಾರೂ ಮಲಗಲಿಲ್ಲ. ಅವರ ಹಿರಿಯ ಮಗ ದೋಹಾದಲ್ಲಿ. ಅಮ್ಮನ ಕೈಯಲ್ಲಿ ಒಂದು ಫೋನು, ತಂಗಿಯ ಕೈಯಲ್ಲಿ ಇನ್ನೊಂದು. ಕತಾರ್ ವಾಯುಮಾರ್ಗ ಮುಚ್ಚಿತು. ಯುಎಇ, ಬಹರೈನ್, ಕುವೈತ್ ಕೂಡ ಕೆಲ ಹೊತ್ತು ಮುಚ್ಚಿದವು. ತಂಗಿ ಮೊಬೈಲಿನಲ್ಲಿ ತೋರಿಸಿದ ವಿಮಾನಗಳ ನಕ್ಷೆಯಲ್ಲಿ ಆ ಕೊಲ್ಲಿಯ ಮೇಲೆ ಒಂದು ದೊಡ್ಡ ಖಾಲಿ ಜಾಗ. ಹತ್ತೂವರೆ ಹೊತ್ತಿಗೆ ಮಗ ಒಂದು ವಿಡಿಯೊ ಕಳಿಸಿದ. ಆಕಾಶದಲ್ಲಿ ಬೆಳಕಿನ ಗೆರೆಗಳು, ಆಮೇಲೆ ಸದ್ದು. ನಾವು ಎರಡನೇ ಸಲ ನೋಡುವಷ್ಟರಲ್ಲಿ ಅದು ಡಿಲೀಟ್ ಆಗಿತ್ತು. ಅದರ ಕೆಳಗೆ ಒಂದು ಮೆಸೇಜು: ಯಾರಿಗೂ ಕಳಿಸಬೇಡಿ, ಕಂಪನಿಯವರು ಬೇಡ ಅಂದಿದ್ದಾರೆ.

ಕರಾವಳಿಯ ಮನೆಗಳ ಮೌನಕ್ಕೆ ಕಾರಣ ಅಲ್ಲಿದೆ. ಗಲ್ಫ್ ದೇಶಗಳಲ್ಲಿ ಸಾಮಾಜಿಕ ಜಾಲತಾಣದ ಒಂದು ಪೋಸ್ಟಿಗೆ ಕೆಲಸ ಹೋಗಬಹುದು, ಜೈಲೂ ಆಗಬಹುದು. ಆದ್ದರಿಂದ ಅಲ್ಲಿರುವ ಮಗ ಬರೆಯುವುದಿಲ್ಲ. ಮಗನಿಗೆ ತೊಂದರೆ ಬೇಡ ಅಂತ ಇಲ್ಲಿರುವ ಅಪ್ಪನೂ ಬರೆಯುವುದಿಲ್ಲ. ಯಾರಿಗೆ ಆ ದೇಶಗಳು ಹತ್ತಿರದಿಂದ ಗೊತ್ತೋ, ಯಾರಿಗೆ ಯುದ್ಧದಿಂದ ಕಳೆದುಕೊಳ್ಳುವುದು ಜಾಸ್ತಿಯೋ ಅವರೇ ಸುಮ್ಮನಿರುತ್ತಾರೆ. ಅಲ್ಲಿ ಯಾರೂ ಇಲ್ಲದವರು ಗಟ್ಟಿಯಾಗಿ ಮಾತಾಡುತ್ತಾರೆ. ಆಮೇಲೆ ಆ ಗಟ್ಟಿ ದನಿಗೇ ಜನಾಭಿಪ್ರಾಯ ಅಂತ ಹೆಸರಿಡುತ್ತೇವೆ.

ಈ ದನಿಗೆ ಶಕ್ತಿ ಇಲ್ಲ ಅಂತಲ್ಲ. 2024ರ ಜನವರಿಯಲ್ಲಿ ಪ್ರಧಾನಿಯವರ ಲಕ್ಷದ್ವೀಪ ಭೇಟಿಯ ನಂತರ ಮಾಲ್ಡೀವ್ಸ್‌ನ ಮೂವರು ಉಪಮಂತ್ರಿಗಳು ಹಗುರವಾಗಿ ಮಾತಾಡಿದರು. ಇಲ್ಲಿ ಬಹಿಷ್ಕಾರದ ಕೂಗು ಎದ್ದಿತು. 2023ರಲ್ಲಿ ಅಲ್ಲಿಗೆ ಹೋದ ಪ್ರವಾಸಿಗಳಲ್ಲಿ ಭಾರತೀಯರೇ ಮೊದಲು, 2 ಲಕ್ಷಕ್ಕೂ ಹೆಚ್ಚು. ಮರುವರ್ಷ ಸುಮಾರು 1.3 ಲಕ್ಷಕ್ಕೆ ಇಳಿಯಿತು. ಸರ್ಕಾರ ಮಾತ್ರ ಬೇರೆ ದಾರಿಯಲ್ಲಿ ನಡೆಯಿತು. ಮಾತುಕತೆ ಬಿಡಲಿಲ್ಲ, ನೆರವು ನಿಲ್ಲಿಸಲಿಲ್ಲ. 2025ರ ಜುಲೈನಲ್ಲಿ ನಮ್ಮ ಪ್ರಧಾನಿ ಅದೇ ಮಾಲ್ಡೀವ್ಸ್‌ನ ಸ್ವಾತಂತ್ರ್ಯ ದಿನದ ಮುಖ್ಯ ಅತಿಥಿ. 4,850 ಕೋಟಿ ರೂಪಾಯಿಯ ಸಾಲವನ್ನೂ ಘೋಷಿಸಿದರು. ಜನ ಕೋಪ ಮಾಡಿಕೊಂಡ ವೇಗದಲ್ಲಿ ಸರ್ಕಾರ ಹೋಗಿದ್ದರೆ ಆ ಜಾಗದಲ್ಲಿ ಚೀನಾ ಇನ್ನೂ ಗಟ್ಟಿಯಾಗಿ ಕೂತಿರುತ್ತಿತ್ತು.

ಸದ್ದಿಲ್ಲದೆ ಕೆಲಸ ಆದದ್ದಕ್ಕೆ ನನಗೆ ತಟ್ಟನೆ ನೆನಪಾಗುವುದು ಕತಾರ್ ಪ್ರಕರಣ. 2023ರ ಅಕ್ಟೋಬರ್‌ನಲ್ಲಿ ನಮ್ಮ ನೌಕಾಪಡೆಯ ಎಂಟು ಮಂದಿ ನಿವೃತ್ತರಿಗೆ ಅಲ್ಲಿನ ನ್ಯಾಯಾಲಯ ಮರಣದಂಡನೆ ವಿಧಿಸಿತು. ಬಹಿಷ್ಕಾರ, ಗುಡುಗು ಏನೂ ಇಲ್ಲದೆ ಡಿಸೆಂಬರ್‌ನಲ್ಲಿ ಶಿಕ್ಷೆ ಇಳಿಯಿತು. 2024ರ ಫೆಬ್ರವರಿ 12ರಂದು ಎಂಟು ಮಂದಿಯ ಬಿಡುಗಡೆಯ ಸುದ್ದಿ ಬಂತು, ಏಳು ಮಂದಿ ಮನೆ ಸೇರಿದ್ದರು. ಅದೇ ತಿಂಗಳು ಕತಾರ್ ಜೊತೆ ಇನ್ನೂ 20 ವರ್ಷ ದ್ರವೀಕೃತ ಅನಿಲ ಕೊಳ್ಳುವ ಒಪ್ಪಂದ ಆಯಿತು. ಎಂಟು ಜೀವ ಉಳಿದದ್ದು ಬಾಗಿಲು ಮುಚ್ಚಿ ನಡೆದ ಮಾತುಕತೆಯಿಂದ.

ಉಲ್ಟಾ ಕೂಡ ಆಗಿದೆ. 2022ರ ಜೂನ್‌ನಲ್ಲಿ ಆಡಳಿತ ಪಕ್ಷದ ವಕ್ತಾರೆಯೊಬ್ಬರು ಟಿವಿ ಚರ್ಚೆಯಲ್ಲಿ ಪ್ರವಾದಿಯ ಬಗ್ಗೆ ಆಡಿದ ಮಾತಿಗೆ ಕತಾರ್, ಕುವೈತ್, ಇರಾನ್ ನಮ್ಮ ರಾಯಭಾರಿಗಳನ್ನು ಕರೆಸಿ ಪ್ರತಿಭಟಿಸಿದವು. ಪಕ್ಷ ಅವರನ್ನು ಅಮಾನತು ಮಾಡಬೇಕಾಯಿತು. ಅವತ್ತು ನಮ್ಮ ಕಡೆಯ ಎಷ್ಟೋ ಹಿಂದೂ ಮನೆಗಳಲ್ಲೂ ಆತಂಕ ಇತ್ತು. ಕುವೈತ್‌ನ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗನಿಗೆ ಆ ಚರ್ಚೆಗೂ ತನಗೂ ಸಂಬಂಧ ಇಲ್ಲ ಅಂತ ಮಾಲೀಕನಿಗೆ ಹೇಳಬೇಕಾದ ಪಾಡು. ಸ್ಟುಡಿಯೊದಲ್ಲಿ ಮಾತಾಡುವವರಿಗೆ ಅವನ ಮುಖ ಕಾಣುವುದಿಲ್ಲ.

ಜನಾಭಿಪ್ರಾಯ ಕೇಳಬಾರದು, ಎಲ್ಲ ದಿಲ್ಲಿಯ ತಜ್ಞರಿಗೇ ಬಿಡಬೇಕು ಅಂತ ಯಾರಾದರೂ ಇದರಿಂದ ತೀರ್ಮಾನಿಸಿದರೆ ನಾನು ಒಪ್ಪುವುದಿಲ್ಲ. ನಮ್ಮ ಇತಿಹಾಸದಲ್ಲಿ ಜನರ ಮಾತು ಸರ್ಕಾರವನ್ನು ತಡೆದು ನಿಲ್ಲಿಸಿದ್ದೂ ಇದೆ. 1991ರ ಆರಂಭದಲ್ಲಿ, ಚಂದ್ರಶೇಖರ್ ಪ್ರಧಾನಿಯಾಗಿದ್ದಾಗ, ಗಲ್ಫ್ ಯುದ್ಧಕ್ಕೆ ಹೋಗುವ ಅಮೆರಿಕದ ಸೇನಾ ವಿಮಾನಗಳು ನಮ್ಮ ನಿಲ್ದಾಣಗಳಲ್ಲಿ ಇಂಧನ ತುಂಬಿಸಿಕೊಳ್ಳುತ್ತಿದ್ದವು. ವಿಷಯ ಹೊರಬಿದ್ದು ವಿರೋಧ ಜೋರಾದ ಮೇಲೆ ಅದು ನಿಂತಿತು. 2003ರಲ್ಲಿ ಇರಾಕ್‌ಗೆ ಒಂದು ಡಿವಿಷನ್ ಸೇನೆ ಕಳಿಸಿ ಅಂತ ಅಮೆರಿಕ ಕೇಳಿತು. ವಾಜಪೇಯಿ ಸರ್ಕಾರದ ಒಳಗೆ ಒಪ್ಪಿಕೊಳ್ಳೋಣ ಅನ್ನುವವರೂ ಇದ್ದರು. ಆದರೆ ಲೋಕಸಭೆ ಏಪ್ರಿಲ್‌ನಲ್ಲೇ ಆ ಯುದ್ಧವನ್ನು ಖಂಡಿಸಿತ್ತು, ಜನರ ಮನಸ್ಸೂ ಅದರ ವಿರುದ್ಧ ಇತ್ತು. ಜುಲೈ 14ರಂದು ಸರ್ಕಾರ ಆಗುವುದಿಲ್ಲ ಅಂದಿತು. ಇರಾಕ್‌ನ ಬೀದಿಗಳಲ್ಲಿ ಆಮೇಲೆ ಆದದ್ದು ನೋಡಿದರೆ, ಆ ಒಂದು ನಿರ್ಧಾರ ಎಷ್ಟು ಸೈನಿಕರ ಮನೆಗಳನ್ನು ಕಾಪಾಡಿತು ಅಂತ ಈಗಲೂ ಅನ್ನಿಸುತ್ತದೆ.

ಇನ್ನು 1990. ನಮ್ಮ ಕಡೆ ಐವತ್ತು ದಾಟಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆಗಸ್ಟ್ 2ರಂದು ಇರಾಕ್ ಕುವೈತ್‌ಗೆ ನುಗ್ಗಿತು. ಮಂಗಳೂರು, ಉಡುಪಿಯ ಸಾವಿರಾರು ಮಂದಿ ಅಲ್ಲಿ ಸಿಕ್ಕಿಕೊಂಡರು. ವಿದೇಶಾಂಗ ಸಚಿವ ಐ.ಕೆ. ಗುಜ್ರಾಲ್ ಬಾಗ್ದಾದಿಗೆ ಹೋಗಿ ಸದ್ದಾಂ ಹುಸೇನರನ್ನು ಭೇಟಿಯಾದರು. ಇಬ್ಬರೂ ಅಪ್ಪಿಕೊಂಡ ಚಿತ್ರ ಜಗತ್ತಿನ ಪತ್ರಿಕೆಗಳಲ್ಲಿ ಬಂತು. ಟೀಕೆ ಬಂತು. ಆಕ್ರಮಣ ಮಾಡಿದವನನ್ನು ಅಪ್ಪಿಕೊಂಡರಲ್ಲ ಅಂತ ಕುವೈತ್‌ಗೆ ಬೇಸರ ಬಹಳ ವರ್ಷ ಉಳಿಯಿತು. ಆದರೆ ಇರಾಕ್ ನಮ್ಮವರಿಗೆ ದಾರಿ ಬಿಟ್ಟಿತು. ಬಸ್ಸುಗಳಲ್ಲಿ ಮರುಭೂಮಿ ದಾಟಿ ಜೋರ್ಡಾನ್‌ನ ಅಮ್ಮಾನ್‌ಗೆ, ಅಲ್ಲಿಂದ ವಿಮಾನದಲ್ಲಿ ಮುಂಬಯಿಗೆ. ಏರ್ ಇಂಡಿಯಾ ಎರಡು ತಿಂಗಳಲ್ಲಿ 488 ಸಲ ಹಾರಿ ಸುಮಾರು 1.7 ಲಕ್ಷ ಜನರನ್ನು ತಂದಿತು. ಮುಂಬಯಿಯಿಂದ ಊರಿಗೆ ಬಂದಿಳಿದವರ ಕೈಯಲ್ಲಿ ಒಂದು ಬ್ಯಾಗು, ಬೆಲೆ ಇಲ್ಲದ ಕುವೈತಿ ದಿನಾರು.

ಆ ಅಪ್ಪುಗೆ ಸರಿಯೋ ತಪ್ಪೋ? ನೀತಿಯ ಲೆಕ್ಕದಲ್ಲಿ ಇವತ್ತಿಗೂ ವಾದ ಮಾಡಬಹುದು. ಒಂದು ಸಣ್ಣ ದೇಶವನ್ನು ನುಂಗಿದವನ ಎದುರು ನಾವು ಗಟ್ಟಿಯಾಗಿ ಮಾತಾಡಬೇಕಿತ್ತು ಅನ್ನುವುದರಲ್ಲಿ ನ್ಯಾಯ ಇದೆ. ನಾನೂ ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಆವತ್ತು ಅಮ್ಮಾನ್ ದಾರಿಯಲ್ಲಿ ಬಸ್ಸು ಹತ್ತಿದವರನ್ನು ಕೇಳಿ ನೋಡಿ. ಯಾವ ಕೂಟಕ್ಕೂ ಕಟ್ಟುಬೀಳದ ದೇಶದ ಪಾಸ್‌ಪೋರ್ಟ್ ಕೈಯಲ್ಲಿದ್ದದ್ದು ಅವತ್ತು ಉಪಯೋಗಕ್ಕೆ ಬಂತು. 2015ರ ಯೆಮನ್‌ನಲ್ಲೂ ಹಾಗೆಯೇ. ಬಾಂಬ್ ಹಾಕುತ್ತಿದ್ದ ಸೌದಿಯ ಜೊತೆಗೂ ಮಾತು, ನೆಲದ ಮೇಲಿದ್ದ ಎದುರಾಳಿಗಳ ಜೊತೆಗೂ ಮಾತು. ಆಪರೇಷನ್ ರಾಹತ್‌ನಲ್ಲಿ 4,640 ಭಾರತೀಯರ ಜೊತೆ 41 ದೇಶಗಳ 960 ಮಂದಿಯನ್ನೂ ನಾವು ಹೊರತಂದೆವು. ತಮ್ಮವರನ್ನೂ ಕರೆತನ್ನಿ ಅಂತ ನಮ್ಮನ್ನು ಕೇಳಿಕೊಂಡ ದೇಶಗಳಲ್ಲಿ ಅಮೆರಿಕವೂ ಇತ್ತು.

ಯಾರ ಕೂಟಕ್ಕೂ ಸೇರದಿರುವುದು ಹಳೆಯ ಕಾಲದ ಆದರ್ಶ ಮಾತ್ರ ಅಂತ ನನಗೆ ಅನ್ನಿಸದಿರುವುದು ಇದಕ್ಕೇ. ಅಗತ್ಯ ಬಿದ್ದಾಗ ಭಾರತ ಆಸರೆ ಹುಡುಕಿದ್ದೂ ಇದೆ. 1971ರ ಆಗಸ್ಟ್ 9ರ ಸೋವಿಯತ್ ಒಪ್ಪಂದ ಅದೇ. ಅದರಲ್ಲೂ ನಿನ್ನ ಯುದ್ಧ ನನ್ನ ಯುದ್ಧ ಅಂತ ಬರೆದಿರಲಿಲ್ಲ. ಅಪಾಯ ಬಂದರೆ ಕೂಡಲೇ ಕೂತು ಮಾತಾಡೋಣ ಅಂತ ಮಾತ್ರ ಇತ್ತು. ಅಷ್ಟೇ ಸಾಕಾಯಿತು. ಇವತ್ತು ಸೌದಿ ಜೊತೆ ವರ್ಷಕ್ಕೆ 4,000 ಕೋಟಿ ಡಾಲರ್ ಮೀರಿದ ವ್ಯಾಪಾರ ಇದೆ. ಆಪರೇಷನ್ ಸಿಂಧೂರ್‌ನ ಮರುದಿನವೇ, ಮೇ 8ರಂದು, ಸೌದಿ ಸಚಿವ ಅದೆಲ್ ಅಲ್ ಜುಬೈರ್ ದಿಲ್ಲಿಗೆ ಬಂದು, ಅಲ್ಲಿಂದ ಇಸ್ಲಾಮಾಬಾದಿಗೆ ಹೋದರು. ಎರಡೂ ಬಾಗಿಲು ತಟ್ಟಬಲ್ಲ ಒಬ್ಬರು ಇರುವುದು ನಮಗೂ ಬೇಕು. ರಿಯಾದ್ ಒಪ್ಪಂದಕ್ಕೆ ನಾವು ರೇಗಿ ಸೌದಿಯನ್ನು ದೂರ ತಳ್ಳಿದರೆ ಪಾಕಿಸ್ತಾನಕ್ಕೆ ಅದಕ್ಕಿಂತ ದೊಡ್ಡ ಉಡುಗೊರೆ ಬೇರೆ ಇಲ್ಲ.

ಆದರೆ ಸರ್ಕಾರಕ್ಕೆ ಹೀಗೆ ತಾಳ್ಮೆಯಿಂದ ನಡೆಯಲು ಜಾಗ ಬೇಕು. ಆ ಜಾಗ ಕೊಡುವುದು ಜನ. ಪ್ರತಿ ಸುದ್ದಿಗೂ ಬಹಿಷ್ಕಾರ, ಪ್ರತಿ ಒಪ್ಪಂದಕ್ಕೂ 'ಬೆನ್ನಿಗೆ ಚೂರಿ' ಅನ್ನುವ ದನಿ ಮಾತ್ರ ದಿಲ್ಲಿಗೆ ಕೇಳಿಸುತ್ತಿದ್ದರೆ ಯಾವ ಪಕ್ಷದ ಸರ್ಕಾರಕ್ಕೂ ಮೆದು ಮಾತಾಡುವುದು ಕಷ್ಟವಾಗುತ್ತದೆ. ಸಮೀಕ್ಷೆಗಳಿಂದಲೂ ಇದಕ್ಕೆ ಪರಿಹಾರ ಸಿಗುತ್ತಿಲ್ಲ. ಯಾವ ದೇಶ ಇಷ್ಟ, ಯಾರನ್ನು ನಂಬುತ್ತೀರಿ ಅಂತ ಕೇಳುತ್ತಾರೆ. ಅಬ್ಸರ್ವರ್ ರಿಸರ್ಚ್ ಫೌಂಡೇಶನ್ 2021ರಿಂದ ವಿದೇಶಾಂಗ ನೀತಿಯ ಬಗ್ಗೆ ಯುವಜನರ ಸಮೀಕ್ಷೆ ಮಾಡುತ್ತಿದೆ, ಒಳ್ಳೆಯದೇ. ಆದರೆ ಅದು ನಗರಗಳ ಯುವಜನರದ್ದು. ಮಗನನ್ನು ಗಲ್ಫ್‌ಗೆ ಕಳಿಸಿದ ಶಿರ್ವದ ಅಮ್ಮ ಆ ಲೆಕ್ಕದಲ್ಲಿ ಬರುವುದಿಲ್ಲ.

ಪಕ್ಕದ ಕೇರಳ ಇದನ್ನು ಬೇಗ ಅರ್ಥ ಮಾಡಿಕೊಂಡಿತು. 1996ರಲ್ಲೇ ಹೊರನಾಡಿನ ಮಲಯಾಳಿಗಳಿಗಾಗಿ ನೋರ್ಕಾ ಅನ್ನುವ ಇಲಾಖೆ ಮಾಡಿತು. 1998ರಿಂದ ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರದವರು ಮನೆಮನೆಗೆ ಹೋಗಿ ಯಾರು ಎಲ್ಲಿದ್ದಾರೆ, ಎಷ್ಟು ಕಳಿಸುತ್ತಾರೆ, ಯಾಕೆ ವಾಪಸ್ ಬಂದರು ಅಂತ ಕೆಲ ವರ್ಷಗಳಿಗೊಮ್ಮೆ ಬರೆದುಕೊಂಡು ಬಂದಿದ್ದಾರೆ. ಹಾಗಾಗಿ ಗಲ್ಫ್‌ನಲ್ಲಿ ಏನಾದರೂ ಆದರೆ ಕೇರಳದ ಸಂಸದರ ಕೈಯಲ್ಲಿ ಅಂಕಿಅಂಶ ಇರುತ್ತದೆ. ದಿಲ್ಲಿ ಕೇಳಲೇಬೇಕಾಗುತ್ತದೆ. ಕರ್ನಾಟಕದಲ್ಲಿ ಅನಿವಾಸಿ ಭಾರತೀಯ ಸಮಿತಿ ಇದೆ. ಆದರೆ ಕೇರಳದಷ್ಟು ಬಲ ಅದಕ್ಕೆ ಬಂದಿಲ್ಲ.

2025ರ ಅಕ್ಟೋಬರ್‌ನಲ್ಲಿ ವಿದೇಶಾಂಗ ಸಚಿವಾಲಯ 1983ರ ವಲಸೆ ಕಾಯ್ದೆಯ ಜಾಗಕ್ಕೆ ಹೊಸ ಮಸೂದೆಯ ಕರಡು ಹೊರಡಿಸಿ ಜನರ ಅಭಿಪ್ರಾಯ ಕೇಳಿತು. ಹತ್ತನೇ ತರಗತಿ ಪಾಸಾಗದೆ ಗಲ್ಫ್‌ಗೆ ಹೋಗುವವರ ಅನುಮತಿ, ಏಜೆಂಟರ ಹೊಣೆ, ಸಂಕಷ್ಟದಲ್ಲಿ ಸಿಗುವ ನೆರವು, ಇವೆಲ್ಲ ಈ ಕಾಯ್ದೆಯ ಅಡಿಯ ವಿಷಯಗಳು. ವಿದೇಶಾಂಗ ನೀತಿ ನಮ್ಮ ಮನೆಬಾಗಿಲಿಗೇ ಬಂದು ಏನಂತೀರಿ ಅಂತ ಕೇಳುವುದು ಅಪರೂಪ. ನಮ್ಮ ಪಂಚಾಯತಿಗಳಲ್ಲಿ, ಜಮಾತುಗಳಲ್ಲಿ, ಚರ್ಚುಗಳಲ್ಲಿ, ಜಾತಿ ಸಂಘಗಳ ಸಭೆಗಳಲ್ಲಿ ಇದನ್ನು ಕೂತು ಓದಿದ್ದು ನನ್ನ ಕಣ್ಣಿಗೆ ಬೀಳಲಿಲ್ಲ.

ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳಲ್ಲಿ ಕೇರಳದಂಥ ಮನೆಮನೆ ಎಣಿಕೆ ಆಗಬೇಕು. ಮಾಡಬಲ್ಲ ವಿಶ್ವವಿದ್ಯಾಲಯಗಳು, ಕಾಲೇಜುಗಳು ಇಲ್ಲೇ ಇವೆ. ಹೆಸರು ಹೊರಗೆ ಹೋಗುವುದಿಲ್ಲ ಅನ್ನುವ ಖಾತ್ರಿ ಕೊಟ್ಟರೆ ಸುಮ್ಮನಿರುವ ಮನೆಗಳೂ ಮಾತಾಡುತ್ತವೆ. ಮಗ ಯಾವ ದೇಶದಲ್ಲಿದ್ದಾನೆ, ಪಾಸ್‌ಪೋರ್ಟ್ ಅವನ ಕೈಯಲ್ಲೇ ಇದೆಯಾ, ಪ್ರವಾಸಿ ಭಾರತೀಯ ಬಿಮಾ ಅನ್ನುವ ಹತ್ತು ಲಕ್ಷದ ವಿಮೆ ಮಾಡಿಸಿದ್ದಾನಾ, ರಾಯಭಾರ ಕಚೇರಿಯಲ್ಲಿ ಹೆಸರು ಬರೆಸಿದ್ದಾನಾ, ನಾಳೆ ವಾಯುಮಾರ್ಗ ಮುಚ್ಚಿದರೆ ಮನೆಯಲ್ಲಿ ಎಷ್ಟು ತಿಂಗಳಿಗೆ ದುಡ್ಡಿದೆ. ಕೊನೆಗೆ ಇದನ್ನೂ ಕೇಳಬೇಕು: ಸೌದಿ, ಇರಾನ್, ಇಸ್ರೇಲ್, ಅಮೆರಿಕ, ಇವರೆಲ್ಲರ ಜೊತೆ ನಮ್ಮ ಸರ್ಕಾರ ಹೇಗಿರಬೇಕು ಅಂತ ನಿಮಗೆ ಅನ್ನಿಸುತ್ತದೆ? ಆ ಉತ್ತರಗಳನ್ನು ನಮ್ಮ ಇಬ್ಬರು ಸಂಸದರ ಮೇಜಿನ ಮೇಲೆ ಇಡಬೇಕು.